ಸೀದ ವಾಸನೆ

ಸೀದ ವಾಸನೆ, ಮತ್ತೆ, ನೆಲಮಾಳಿಗೆಯ ಮೊದಲ ಮೆಟ್ಟಿಲಿಗೆ ಕಾಲಿಟ್ಟ ಕೂಡಲೇ, ತಳ ಹಿಡಿದ ಪಾತ್ರೆಯದೋ, ಸುಟ್ಟ ಕೂದಲಿನದೋ, ಎರಡೂ ಬೆರೆತದ್ದೋ — ಸೊಲಾಂಜ್ ಒಂದು ಗಳಿಗೆ ಗೋಡೆ ಹಿಡಿದು ನಿಂತಳು, ಏನಿಲ್ಲ, ಹೊರಗಿನದು, ಕೋಟಿಗೆ ಅಂಟಿಕೊಂಡು ಬಂದದ್ದು, ಫೆಬ್ರವರಿಯಲ್ಲವೇ, ಇಳಿಜಾರಿನ ತುಂಬ ದ್ರಾಕ್ಷಿ ಬಳ್ಳಿ ಸವರುವವರು, ಸವರಿದ ಕಡ್ಡಿಯನ್ನು ತಗಡಿನ ತಳ್ಳುಗಾಡಿಯೊಳಗೇ ಹೊತ್ತಿಸಿ ಸಾಲಿನಿಂದ ಸಾಲಿಗೆ ನೂಕಿಕೊಂಡು ಹೋಗುತ್ತಾರೆ, ಈ ತಿಂಗಳು ಬರ್ಗಂಡಿ ಸೀಮೆಗೆ ಸೀಮೆಯೇ ಹೊಗೆ ಕುಡಿದು ಕೂತಿರುತ್ತದೆ, ಹುಟ್ಟಿದಾಗಿನಿಂದ ಕಂಡದ್ದು, ಅದರಲ್ಲಿ ಹೊಸದೇನಿದೆ. ಆದರೆ ಬಳ್ಳಿಯ ಹೊಗೆಗೆ ಒಂದು ಸಿಹಿ ಇರುತ್ತದೆ, ಇದಕ್ಕಿಲ್ಲ, ಇದು ಮೂಗಿನಿಂದ ಒಳಗೆ ಹೋದ ಹಾಗಿಲ್ಲ, ಒಳಗಿನಿಂದ ಮೂಗಿಗೆ ಬಂದ ಹಾಗಿದೆ — ಥೂ, ಎಂಥ ಯೋಚನೆ, ಕೋಟು ಬಿಚ್ಚಿ ಮೆಟ್ಟಿಲ ಮೇಲೇ ಎಸೆದಳು, ಹೊಗೆ ಇಲ್ಲೇ ಇರಲಿ, ವೈನಿನ ರುಚಿ ನೋಡುವ ದಿನ ಅವಳು ಸೋಪು ಮುಟ್ಟುವುದಿಲ್ಲ, ಕಾಫಿ ಕುಡಿಯುವುದಿಲ್ಲ, ಒಂದು ತುಂಡು ಒಣ ಬ್ರೆಡ್ಡು ಬಿಟ್ಟರೆ ಬಾಯಿಗೆ ಬೇರೆ ಏನೂ ಇಲ್ಲ, ಆ ಬ್ರೆಡ್ಡೂ ಇವತ್ತು, ಇಲ್ಲ, ಅದು ಬೇಕರಿಯವನ ತಪ್ಪು, ಒಲೆಯಲ್ಲಿ ಹೆಚ್ಚು ಹೊತ್ತು ಬಿಟ್ಟಿದ್ದಾನೆ, ಹೋದ ವಾರ ಕೂದಲು ಕತ್ತರಿಸುವ ಜೊಸಿಯಾನಳ ಅಂಗಡಿಯಲ್ಲೂ ಹೀಗೇ ಆಯಿತು, ನಿನ್ನ ಮಷೀನು ಸುಡ್ತಿದೆ ನೋಡು ಅಂದರೆ ಜೊಸಿಯಾನ್ ನಕ್ಕು ವೈರು ಎತ್ತಿ ತೋರಿಸಿದಳು, ಪ್ಲಗ್ಗೇ ಹಾಕಿಲ್ಲವಲ್ಲ ಮದಾಮ್. ಸೊಲಾಂಜ್ ಕೂಡ ನಕ್ಕಿದ್ದಳು. ಮನೆಗೆ ಬರುವವರೆಗೂ ನಗು ಮುಖದ ಮೇಲೆ ಹಾಗೇ ಉಳಿದಿತ್ತು, ತೆಗೆಯುವುದು ಮರೆತ ಟೋಪಿಯ ಹಾಗೆ.

ಕೆಳಗೆ ಬಲ್ಬಿನ ಹಳದಿ ಬೆಳಕು, ತಮ್ಮ ರೆಜಿಸ್‌ನ ದನಿ, ದಲ್ಲಾಳಿ ಬೆಲ್ಯಾರ್ ಮುದುಕರ ಕೆಮ್ಮು, ಅವರಿಬ್ಬರ ನಡುವೆ ರೆಜಿಸ್‌ನ ಮಗಳು ಕ್ಲೆಮಾಂಸ್, ಕುದುರೆಯ ಬೆನ್ನಿನ ಮೇಲೆ ಇಟ್ಟ ಹಾಗೆ ಪೀಪಾಯಿಯ ಮೇಲೆ ಕೈಯಿಟ್ಟುಕೊಂಡು, ಈ ಹುಡುಗಿ ಸರಿಯಾಗಿ ನಿದ್ದೆ ಮಾಡಿಲ್ಲ, ಕಣ್ಣು ನೋಡಿದರೆ ಗೊತ್ತಾಗುತ್ತದೆ, ಬಾ ಸೊಲಾಂಜ್, ನಿಂಗೇ ಕಾಯ್ತಿದ್ವಿ, ಅಂದ ರೆಜಿಸ್, ಮೂಗೇ ಬಂದ ಮೇಲೆ ಇನ್ನೇನು ತಡ, ಶುರು ಮಾಡೋಣ, ಅಂದರು ಬೆಲ್ಯಾರ್ — ಊರಲ್ಲಿ ಅವಳಿಗೆ ಅದೇ ಹೆಸರು, ಮೂಗು, ಮೂಗು ಚರ್ಚಿಗೆ ಬಂತು, ಮೂಗಿಗೆ ನೆಗಡಿಯಂತೆ, ಈ ವರ್ಷ ಯಾರ ವೈನಿನ ಗತಿ ಏನೋ, ಚಿಕ್ಕವಳಿದ್ದಾಗ ಅಳು ಬರುತ್ತಿತ್ತು, ಆಮೇಲೆ ಯಾವಾಗಲೋ ಅದೇ ಕಿರೀಟವಾಯಿತು, ಮದುವೆ ಬೇಡ ಅಂದವಳಿಗೆ, ಮಕ್ಕಳಿಲ್ಲದವಳಿಗೆ, ಈ ಮೂಗೊಂದೇ ಆಸ್ತಿ. ಈ ಕಡೆಯ ರೂಢಿ ಕೆಂಪು ವೈನು ಮೊದಲು, ಬಿಳಿ ಆಮೇಲೆ, ಇವತ್ತು ರೆಜಿಸ್ ಅದನ್ನು ತಿರುವಿ ಹಾಕಿದ್ದಾನೆ, ಮಗಳ ಬಿಳಿಯೇ ಮೊದಲು, ಅವನಿಗೆ ತಡೆಯಲಾಗುತ್ತಿಲ್ಲ, ಪಾಪ, ಬೆಟ್ಟದ ತುದಿಯ ಕಲ್ಲುಗುಪ್ಪೆ ತೋಟದ ಹಣ್ಣಿನಿಂದ ಕ್ಲೆಮಾಂಸ್ ಒಬ್ಬಳೇ, ಯಾರ ಕೈಯೂ ಸೋಕಗೊಡದೆ ಮಾಡಿದ ಮೊದಲ ವೈನು, ಚೆನ್ನಾಗಿದ್ದರೆ ಕಲ್ಲುಗುಪ್ಪೆ ಅನ್ನುವ ಹೆಸರಲ್ಲೇ ಸೀಸೆಗೆ ಹೋಗುತ್ತದೆ, ಇಲ್ಲವಾದರೆ ದೊಡ್ಡ ವರ್ತಕರ ತೊಟ್ಟಿಗೆ ಸುರಿದು ಊರಿನವರ ಹುಳುಕು ಬಿಳಿಗಳ ಜೊತೆ ಬೆರೆತು ಹೆಸರಿಲ್ಲದೆ ಕರಗಿಹೋಗುತ್ತದೆ, ಯಾವುದು ಅನ್ನುವುದನ್ನು ಹೇಳಬೇಕಾದವಳು ಸೊಲಾಂಜ್, ಅಪ್ಪ ಹೋದ ಮೇಲೆ ಈ ಮನೆಯಲ್ಲಿ ಬಳ್ಳಿಯ ಮಾತು ರೆಜಿಸ್‌ನದು, ಗ್ಲಾಸಿನ ಮಾತು ಅವಳದು, ಬೆಲ್ಯಾರ್ ಕೂಡ ಹೂಂ ಅನ್ನುವ ಮುಂಚೆ ಅವಳ ಮುಖ ನೋಡುತ್ತಾರೆ.

ಕ್ಲೆಮಾಂಸ್ ಗಾಜಿನ ಕೊಳವೆಯನ್ನು ಪೀಪಾಯಿಯೊಳಗೆ ಇಳಿಸಿ, ತುದಿಗೆ ಹೆಬ್ಬೆರಳು ಒತ್ತಿ, ಮೇಲೆತ್ತಿ, ಒಬ್ಬೊಬ್ಬರ ಗ್ಲಾಸಿಗೂ ಒಂದಿಷ್ಟು ಬಿಟ್ಟಳು, ಒಂದು ಹನಿಯೂ ಚೆಲ್ಲಲಿಲ್ಲ, ಒಳ್ಳೆಯದು, ಬಣ್ಣವೂ ಒಳ್ಳೆಯದು, ಹುಲ್ಲಿನ ಮೇಲೆ ಬಿದ್ದ ಎಳೆ ಬಿಸಿಲು, ಅಂಚಿನಲ್ಲಿ ಸಣ್ಣ ಹಸಿರು ಗೆರೆ, ಸೊಲಾಂಜ್ ಗ್ಲಾಸನ್ನು ತಿರುಗಿಸದೆ ಸುಮ್ಮನೆ ಮೂಗಿನ ಕೆಳಗೆ ಹಿಡಿದಳು, ಅಪ್ಪ ಕಲಿಸಿದ್ದು, ಮೊದಲು ಅದು ಮಾತಾಡಲಿ, ನೀನು ಆಮೇಲೆ ಕೇಳು, ಬಂತು, ನಿಂಬೆ ಸಿಪ್ಪೆ ಬಂತು, ಆಮೇಲೆ ಒದ್ದೆ ಸುಣ್ಣಕಲ್ಲು, ಅದರ ಬೆನ್ನಿಗೇ ಹಸಿ ಬಾದಾಮಿ, ಎಷ್ಟು ಮುದ್ದಾಗಿದೆ ಅಂತ ಅವಳು ಅಂದುಕೊಳ್ಳುವ ಹೊತ್ತಿಗೆ ಯಾರೋ ಬಾಗಿಲು ಒದ್ದುಕೊಂಡು ಒಳಬಂದ ಹಾಗೆ ಅದು, ಸೀದದ್ದು, ನಿಂಬೆಯನ್ನೂ ಕಲ್ಲನ್ನೂ ತಳ್ಳಿ ನಡುಮನೆಯಲ್ಲಿ ನಿಂತುಕೊಂಡಿತು. ಗುಟುಕು ತೆಗೆದುಕೊಂಡು, ತುಟಿ ಸಂದಿನಿಂದ ಗಾಳಿ ಎಳೆದು, ನಾಲಿಗೆಯ ಮೇಲೆ ಉರುಳಿಸಿದಳು, ಹುಳಿ ನೆಟ್ಟಗೆ ಬೆನ್ನೆಲುಬಿನ ಹಾಗೆ ನಿಂತಿದೆ, ಕೊನೆಯಲ್ಲಿ ಒಂದು ಚಿಟಿಕೆ ಉಪ್ಪು, ಅದರ ಮೇಲೆ ಬೂದಿ, ಬೂದಿ, ಬೂದಿ, ರುಚಿ ನೋಡುವವರು ನುಂಗದೆ ಉಗುಳುವ ಹಾಗೆ ಕಾಲ ಬಳಿಯ ಜಲ್ಲಿಕಲ್ಲಿಗೆ ಉಗುಳಿದಳು. ಸೀದಿದೆ, ಅಂದಳು. ಏನು, ಅಂದ ರೆಜಿಸ್. ಸುಟ್ಟ ವಾಸನೆ, ಪೀಪಾಯಿ ಮಾಡಿದವನು ಮರ ಬಾಗಿಸೋಕೆ ಒಳಗೆ ಬೆಂಕಿ ಕೊಡೋವಾಗ ಹಾಗೇ ಬಿಟ್ಟು ಊಟಕ್ಕೆ ಹೋಗಿದ್ದಾನೆ, ಹೊಸ ಪೀಪಾಯಿ ಹುಚ್ಚು ಬೇಡ ಅಂತ ಬಡ್ಕೊಂಡೆ ನಿಂಗೆ ಕ್ಲೆಮಾಂಸ್, ನಾಲಿಗೆ ಮೇಲೆ ಇದ್ದಿಲು ಅರೆದ ಹಾಗಿದೆ, ಇದನ್ನ ಕುಡಿಯೋರಿಗೆ ಕೊಡೋಕಾಗಲ್ಲ, ಒಲೆ ಹಚ್ಚೋರಿಗೆ ಬೇಕಾದ್ರೆ ಕೊಡು. ಮಾತು ಚೂಪಾಗಿ ಬಂತು, ಚೂಪಾಗಿ ಬಂದದ್ದು ಅವಳಿಗೇ ಹಿತವಾಯಿತು, ಯಾಕೆಂದರೆ ವಾಸನೆಗೆ ಕೊನೆಗೂ ಒಂದು ಮನೆ ಸಿಕ್ಕಿತ್ತು, ಅದು ಪೀಪಾಯಿಯದು, ಕೋಟಿನದಲ್ಲ, ಬ್ರೆಡ್ಡಿನದಲ್ಲ, ಪೀಪಾಯಿಯದು. ಕ್ಲೆಮಾಂಸ್ ತಲೆ ಎತ್ತಿದಳು. ಇದು ಹೊಸ ಪೀಪಾಯಿ ಅಲ್ಲ ಅತ್ತೆ, ಅಂದಳು, ಹಳೇದು, ನಾನು ಕಾಲೇಜಿಗೆ ಹೋಗ್ತಿದ್ದಾಗಿಂದ ನೀವು ಬಿಳಿ ಹಾಕ್ತಿದ್ದದ್ದು, ಅದರಲ್ಲಿ ಸುಡೋಕೆ ಇನ್ನೇನು ಉಳಿದಿದೆ.

ಉಳಿದಿಲ್ಲ, ಏನೂ ಉಳಿದಿಲ್ಲ, ಅಷ್ಟು ಹಳೆಯ ಮರದಲ್ಲಿ ಬೆಂಕಿಯ ನೆನಪೂ ಇರುವುದಿಲ್ಲ, ಅದು ಗೊತ್ತು, ಗೊತ್ತಿದ್ದರೂ ಬಾಯಿ ಬೇರೆಯೇ ಹೇಳಿತು, ಪೀಪಾಯಿ ಅಲ್ಲದಿದ್ರೆ ಹಣ್ಣಿಗೆ ಹೊಗೆ ಬಡಿದಿದೆ, ಎಲ್ಲಿಂದಾದ್ರೂ ಬಂದಿರಲಿ, ಇದೆ, ಬೆಲ್ಯಾರ್, ನೀವು ಹೇಳಿ. ಬೆಲ್ಯಾರ್ ಗ್ಲಾಸನ್ನು ತಿರುಗಿಸಿದರು, ಮೂಗಿಟ್ಟರು, ಸೊಲಾಂಜಳ ಮುಖ ನೋಡಿದರು, ಮತ್ತೆ ಮೂಗಿಟ್ಟರು, ಹೂಂ ಮದಾಮ್, ನೀವು ಹೇಳಿದ ಮೇಲೆ ಗೊತ್ತಾಗ್ತಿದೆ, ಹಿಂದುಗಡೆ ಎಲ್ಲೋ, ಸಣ್ಣಗೆ ಹೊಗೆ ಇದೆ, ರೆಜಿಸ್ ಮಗಳ ಕಡೆ ನೋಡದೆ, ಹೌದು, ಈಗ ನಂಗೂ ಸಿಗ್ತು, ಅಂದ. ಇಲ್ಲ ಅಪ್ಪ, ಅಂದಳು ಕ್ಲೆಮಾಂಸ್, ಇಲ್ಲ, ನಿಜವಾಗಲೂ ಇಲ್ಲ. ನಿನ್ನ ಮೂಗಿಂದ ಇನ್ನೂ ಹಾಲು ವಾಸನೆ ಹೋಗಿಲ್ಲ, ಅಂದಳು ಸೊಲಾಂಜ್, ಹಾಲು ಅಂದ ಕೂಡಲೇ ಎದೆಯೊಳಗೆ ಏನೋ ಕಳಚಿಬಿತ್ತು — ಹಾಲು ಸೀಯ್ತಿದೆ, ಅಮ್ಮ, ಭಾನುವಾರದ ಊಟದ ನಡುವೆ ಫೋರ್ಕು ಕೆಳಗಿಟ್ಟು ಎದ್ದು ಹೋದ ಅಮ್ಮ, ಒಲೆಯ ಮೇಲೆ ಏನೂ ಇಲ್ಲ, ಒಲೆ ಆರಿದೆ, ಬಂದು ಕೂತಳು, ಮತ್ತೆ ಎದ್ದಳು, ಅಪ್ಪ ನಗುತ್ತಿದ್ದಾನೆ, ನಿಮ್ಮಮ್ಮನ ಮೂಗು ನನ್ನದಕ್ಕಿಂತ ಚುರುಕಾಯ್ತು, ಪಕ್ಕದೂರಿನ ಹಾಲು ಸೀದ್ರೂ ಗೊತ್ತಾಗುತ್ತೆ, ನಿಂಗೆ ಬರ್ತಿಲ್ವಾ ಸೊಲಾಂಜ್ ಅಂತ ಅಮ್ಮ ಕೇಳುತ್ತಾಳೆ, ಬರುತ್ತಿಲ್ಲ, ಆದರೆ ಅಮ್ಮನ ಕಣ್ಣು ಹಾಗಿತ್ತು, ಬರ್ತಿದೆ ಅಮ್ಮ, ಸ್ವಲ್ಪ ಬರ್ತಿದೆ, ಆಗ ಬಳ್ಳಿ ಹೂ ಬಿಡುವ ಕಾಲ, ಕಾಯಿ ಬಣ್ಣ ತಿರುಗುವ ಹೊತ್ತಿಗೆ ಅಮ್ಮನಿಗೆ ಚಮಚಕ್ಕೆ ಏನನ್ನುತ್ತಾರೆ ಅನ್ನುವುದು ಮರೆತುಹೋಯಿತು, ಅದು ಕೊಡು, ಅದು, ತಿನ್ನೋದು, ಅಂತ ಬೆರಳು ಮಡಿಸಿ ತೋರಿಸುತ್ತಿದ್ದಳು, ದಿಜೋನಿನ ಆಸ್ಪತ್ರೆಯಲ್ಲಿ ಡಾಕ್ಟರು ತಲೆಯೊಳಗಿನ ಚಿತ್ರವಿದ್ದ ಕಪ್ಪು ಹಾಳೆಯನ್ನು ಬೆಳಕಿಗೆ ಹಿಡಿದು ಕಣ್ಣಿನ ಹಿಂದೆ ಇಷ್ಟೇ ಇಷ್ಟು ಬಿಳಿ ಚುಕ್ಕೆ ತೋರಿಸಿದರು, ಕೊಯ್ಲಿನ ರಸ ತೊಟ್ಟಿಗಳಲ್ಲಿ ಇನ್ನೂ ಗುಳುಗುಳು ಅನ್ನುತ್ತಿದ್ದಾಗಲೇ ಅವಳನ್ನು ಮಣ್ಣು ಮಾಡಿ ಬಂದರು. ಇಲ್ಲ, ಅದಕ್ಕೂ ಇದಕ್ಕೂ ಏನು ಸಂಬಂಧ, ಅಮ್ಮನದು ಹಾಲು, ಇದು ಹಾಲಲ್ಲ, ಇದು ಪೀಪಾಯಿ, ಹಳೆಯ ಪೀಪಾಯಿ, ಹಳೆಯದಾದರೇನು.

ಕೆಂಪು ಕೊಡು, ಕೆಂಪು, ಅಂದಳು, ಬೇಗ ಕೆಂಪು ಬರಲಿ, ಅವಳದೇ ಕೆಂಪು, ಚರ್ಚಿನ ಗೋಡೆ ಕೆಳಗಿನ ತೋಟದ್ದು, ಮಗುವಿನ ನೆತ್ತಿಯ ವಾಸನೆ ತಾಯಿಗೆ ಗೊತ್ತಿರುವ ಹಾಗೆ ಅವಳಿಗೆ ಗೊತ್ತಿರುವ ವೈನು, ಕತ್ತಲಲ್ಲಿ ಕೊಟ್ಟರೂ ಹೇಳಬಲ್ಲಳು, ರೆಜಿಸ್ ಸುರಿದ, ಬಲ್ಬಿನ ಬೆಳಕು ಗ್ಲಾಸಿನ ಮೂಲಕ ಹಾದು ಅವಳ ಅಂಗಿಯ ತೋಳಿನ ಮೇಲೆ ಕೆಂಪಗೆ ಬಿತ್ತು, ಮೂಗಿನ ಕೆಳಗೆ ಹಿಡಿದಳು, ಸುಮ್ಮನೆ ನಿಂತಳು, ಮಾತಾಡು, ಮಾತಾಡು ತಾಯಿ, ಚೆರ್ರಿ ಬರಬೇಕು ಮೊದಲು, ಬರಲಿಲ್ಲ, ತಿರುಗಿಸಿದಳು, ಗುಲಾಬಿ ಇರಬೇಕಲ್ಲ, ಒದ್ದೆ ಎಲೆ, ಅಣಬೆ ಎದ್ದ ಮಣ್ಣು, ಇಲ್ಲ, ಯಾರೂ ಇಲ್ಲ, ಖಾಲಿ ಮನೆಯಲ್ಲಿ ಅದೊಂದೇ ಕಾಲು ಚಾಚಿ ಕೂತಿದೆ, ತಳ ಹಿಡಿದದ್ದು, ಕರಟಿದ್ದು, ಕೂದಲು ಸುಟ್ಟದ್ದು. ರೆಜಿಸ್ ಕಣ್ಣು ಮುಚ್ಚಿದ್ದಾನೆ, ಈ ವರ್ಷ ಏನು ಮಾಡಿಬಿಟ್ಟೆ ಸೊಲಾಂಜ್, ಅನ್ನುತ್ತಿದ್ದಾನೆ, ಬೆಲ್ಯಾರ್ ನುಂಗಿಯೇಬಿಟ್ಟರು, ಅವರು ಬೆಳಗಿನ ಹೊತ್ತು ಎಂದೂ ನುಂಗುವವರಲ್ಲ, ಇದನ್ನ ಉಗುಳಿದ್ರೆ ಪಾಪ ಬರುತ್ತೆ ಮದಾಮ್, ನೀವೇ ಹೇಳಿ, ಏನೇನಿದೆ ಇದರಲ್ಲಿ, ನಿಮ್ಮ ಬಾಯಲ್ಲಿ ಕೇಳಬೇಕು. ಚೆರ್ರಿ, ಅಂದಳು ಸೊಲಾಂಜ್, ಕಪ್ಪಲ್ಲ, ಹುಳಿ ಚೆರ್ರಿ, ಬೀಜದ ಹತ್ತಿರದ್ದು, ಅದರ ಮೇಲೆ ಬಾಡಿದ ಗುಲಾಬಿ, ಆಮೇಲೆ ಮಳೆ ನಿಂತ ಮೇಲಿನ ಕಾಡಿನ ನೆಲ, ಕೊನೆಯಲ್ಲಿ ಸ್ವಲ್ಪ ಒಗರು, ಅದು ಇನ್ನೆರಡು ಚಳಿ ಕಳೆದರೆ ಕರಗುತ್ತದೆ. ಹೌದು, ಹೌದು, ಅದೇ, ಅಂದರು ಇಬ್ಬರೂ. ಎಷ್ಟು ಸುಲಭವಾಗಿ ಬಂತು, ಒಂದು ಮಾತೂ ತಡವರಿಸದೆ, ಹೋದ ವರ್ಷದ ಮಾತು, ಅದರ ಹಿಂದಿನ ವರ್ಷದ ಮಾತು, ಹೀಗೇ ಎಷ್ಟು ಕಾಲ ನಡೆಸಬಹುದು, ಕುರುಡರು ತಮ್ಮ ಮನೆಯಲ್ಲಿ ಓಡಾಡುವ ಹಾಗೆ, ಮೇಜು ಇಲ್ಲಿದೆ, ಕಿಟಕಿ ಅಲ್ಲಿದೆ, ಯಾರಿಗೂ ಗೊತ್ತಾಗುವುದಿಲ್ಲ, ಅವಳು ಗುಲಾಬಿ ಅಂದರೆ ಗುಲಾಬಿ, ಹೊಗೆ ಅಂದರೆ ಹೊಗೆ — ಇಲ್ಲದ ಹೊಗೆಯನ್ನು ಇವರಿಬ್ಬರೂ ಈಗಷ್ಟೇ ಮೂಸಿ ಹೌದು ಅಂದರಲ್ಲ.

ನೀರು, ನೀರಿಗೆ ವಾಸನೆಯಿಲ್ಲ, ನೀರು ಹೇಳಿಬಿಡುತ್ತದೆ, ಮೂಲೆಯ ನಲ್ಲಿಯ ಹತ್ತಿರ ಹೋಗಿ ಗ್ಲಾಸು ತೊಳೆದಳು, ತೊಳೆಯುವುದು ಸಹಜ, ಯಾರೂ ನೋಡುವುದಿಲ್ಲ, ಮತ್ತೆ ತುಂಬಿದಳು, ಬೆಟ್ಟದೊಳಗಿನಿಂದ ಬರುವ ನೀರು, ಹಲ್ಲು ಜುಮ್ಮೆನ್ನುವಷ್ಟು ತಂಪು, ಮೂಗಿನ ಕೆಳಗೆ ಹಿಡಿದಳು. ಸೀದಿತ್ತು. ನೀರು ಸೀದಿತ್ತು. ಅಂಗೈ ಮೂಸಿದಳು, ಸೀದಿತ್ತು, ಹಸಿರು ಪಾಚಿ ಕಟ್ಟಿದ ಗೋಡೆಗೆ ಮುಖ ಹತ್ತಿರ ಮಾಡಿದಳು, ಏನೂ ಇಲ್ಲದ ಕಡೆ ಮೂಗು ತಿರುಗಿಸಿದಳು, ಉಸಿರು ಹಿಡಿದಳು, ಉಸಿರು ಹಿಡಿದಾಗಲೂ ಅದು ಇತ್ತು, ಅದು ಉಸಿರಿನ ಹಂಗಿನಲ್ಲಿಲ್ಲ, ಅದು ಕಣ್ಣಿನ ಹಿಂದೆ ಎಲ್ಲೋ, ಇಷ್ಟೇ ಇಷ್ಟು, ಚಮಚಕ್ಕೆ ಏನನ್ನುತ್ತಾರೆ, ಚಮಚ, ಚಮಚ, ಸದ್ಯ ಅದಿದೆ, ಫೋರ್ಕು, ಚಾಕು, ಬಟ್ಟಲು, ಎಲ್ಲ ಇವೆ, ಮನಸ್ಸಿನಲ್ಲೇ ಒಂದೊಂದನ್ನೂ ಮುಟ್ಟಿ ನೋಡಿದಳು, ಪೀಪಾಯಿ, ಬಲ್ಬು, ಕ್ಲೆಮಾಂಸ್. ಹಿಂದೆ ರೆಜಿಸ್‌ನ ದನಿ, ಸರಿ ಹಾಗಾದ್ರೆ, ಕಲ್ಲುಗುಪ್ಪೆ ಬಿಳೀನ ವರ್ತಕರಿಗೆ ಬಿಟ್ಟುಬಿಡೋಣ, ಬೆಲ್ಯಾರ್, ಅವರ ಟ್ಯಾಂಕರು ಯಾವಾಗ ಈ ಕಡೆ ಬರುತ್ತೆ ಕೇಳಿ, ಬೆಲ್ಯಾರ್ ಜೇಬಿನಿಂದ ಫೋನು ತೆಗೆದು, ಇಲ್ಲಿ ಸಿಗ್ನಲ್ ಇಲ್ಲ, ಮೇಲೆ ಹೋಗಿ ಮಾಡ್ತೀನಿ, ಅಂದರು, ಬೇಜಾರು ಮಾಡ್ಕೋಬೇಡ ಮಗು, ಮೊದಲ ಸಲ ಎಲ್ಲರದೂ ಹಾಗೇ. ಕ್ಲೆಮಾಂಸ್ ಅಳಲಿಲ್ಲ, ಅಳುವವಳಲ್ಲ, ಗೂಡಿನಿಂದ ಸೀಮೆಸುಣ್ಣ ತೆಗೆದುಕೊಂಡಳು, ಬೇಡದ ಪೀಪಾಯಿಯ ಮುಖಕ್ಕೆ ಎರಡು ಅಡ್ಡಗೆರೆ ಹಾಕುವುದು ಈ ಮನೆಯ ಪದ್ಧತಿ, ಯಾರು ಮಾಡಿದರೋ ಅವರೇ ಹಾಕಬೇಕು, ಮೊದಲ ಗೆರೆ ಎಳೆದಳು, ಒಣ ಮರದ ಮೇಲೆ ಸುಣ್ಣ ಕಿರ್ ಅಂತ ಅರಚಿತು. ಇನ್ನೊಂದು ಗೆರೆ ಎಳೆದರೆ ಮುಗಿಯಿತು, ಯಾರಿಗೂ ಏನೂ ಹೇಳಬೇಕಾಗಿಲ್ಲ, ಸೊಲಾಂಜ್ ಮೆಟ್ಟಿಲು ಹತ್ತಿ ಹೋಗಬಹುದು, ಮಧ್ಯಾಹ್ನದ ಊಟ ಮಾಡಬಹುದು, ಮುಂದಿನ ವರ್ಷವೂ, ಮುಂದಿನ ವರ್ಷ ಅನ್ನುವುದು ಇದ್ದರೆ, ಇಲ್ಲಿ ನಿಂತು ಇನ್ನೊಬ್ಬರ ಹೊಟ್ಟೆಯ ಮೇಲೆ ಗೆರೆ ಎಳೆಸಬಹುದು, ಮೂಗು ಹೋದರೂ ಹೆಸರು ಇರುತ್ತದೆ, ಹೆಸರಿಗೇ ಜನ ಮೂಸಿ ಹೌದು ಅನ್ನುತ್ತಾರೆ — ಹುಡುಗಿಯ ಕೈ ಎರಡನೇ ಗೆರೆಗೆ ಮೇಲೆದ್ದಿತು.

ನಿಲ್ಸು, ಅಂದಳು. ದನಿ ತನ್ನದಲ್ಲದ ಹಾಗೆ ಕೇಳಿಸಿತು. ಕ್ಲೆಮಾಂಸಳ ಕೈ ನಿಂತಿತು, ಮೆಟ್ಟಿಲು ಹತ್ತುತ್ತಿದ್ದ ಬೆಲ್ಯಾರ್ ನಿಂತು, ಕೆಳಗಿಳಿದು ಬಂದರು. ಒಂದು ಮಾತು ಕೇಳ್ತೀನಿ, ಅಂದಳು ಸೊಲಾಂಜ್, ಹೇಳೋ ಮುಂಚೆ ನನ್ನ ಮುಖ ನೋಡಬೇಡಿ, ಮೂರೂ ಜನ ಆ ಕಡೆ ತಿರುಗಿ, ಗ್ಲಾಸು ಕೆಳಗಿಡಿ, ಇಲ್ಲಿ, ಈ ಗಾಳೀಲಿ, ಏನಾದ್ರೂ ಸುಡ್ತಿರೋ ವಾಸನೆ ಬರ್ತಿದೆಯಾ ನಿಮಗೆ. ರೆಜಿಸ್ ನಗಲು ಹೋದ, ಏನು ಆಟ ಇದು ಸೊಲಾಂಜ್, ಆಟ ಅಲ್ಲ, ಮೂಸಿ ಹೇಳಿ, ಅಂದಳು, ಗ್ಲಾಸುಗಳನ್ನು ಪೀಪಾಯಿಯ ಮೇಲಿಟ್ಟು ಅವರು ತಿರುಗಿ ನಿಂತರು, ಮೂರು ಬೆನ್ನು, ಅವಳು ಪಕ್ಕಕ್ಕೆ ಸರಿದಳು, ಆಮೇಲೆ ಒಂದೊಂದಾಗಿ ಮೂರು ತಲೆಗಳು ಹಿಂದಕ್ಕೆ ಬಾಗಿ ಮೂರು ಮೂಗುಗಳು ಬಲ್ಬಿನ ಬೆಳಕಿನೊಳಗೆ ಎದ್ದವು, ಬೆಲ್ಯಾರರ ಕೆಂಪು ನರದ ದಪ್ಪ ಮೂಗು, ರೆಜಿಸ್‌ನ ಮುರಿದು ಕೂಡಿದ ಮೂಗು, ಕ್ಲೆಮಾಂಸಳ ಸಣ್ಣ ನೀಟಾದ ಮೂಗು, ಹೊಳ್ಳೆಗಳು ಅಗಲವಾಗಿ, ಕಣ್ಣು ಮುಚ್ಚಿ, ಎಷ್ಟು ಶ್ರದ್ಧೆಯಿಂದ, ಅವಳಿಗಾಗಿ, ಇಲ್ಲದ್ದನ್ನು ಹುಡುಕುತ್ತ. ಸೊಲಾಂಜ್ ಕಾದಳು, ಯಾರಾದರೂ ಒಬ್ಬರು ಹೂಂ ಅನ್ನಲಿ ಅಂತ ಕಾದಳು, ಈ ಸಲ ಸುಳ್ಳಾದರೂ ಪರವಾಗಿಲ್ಲ. ಮದಾಮ್, ಅಂದರು ಬೆಲ್ಯಾರ್ ಕೊನೆಗೆ, ತಿರುಗದೆಯೇ, ಆಗಲೂ ನಂಗೆ ಬಂದಿರಲಿಲ್ಲ, ನಿಮ್ಮ ಮಾತು ಅಂತ ಹೂಂ ಅಂದೆ. ಇಲ್ಲ ಅತ್ತೆ, ಅಂದಳು ಕ್ಲೆಮಾಂಸ್, ಒದ್ದೆ ಕಲ್ಲಿನ ವಾಸನೆ ಬಿಟ್ರೆ ಏನಿಲ್ಲ. ರೆಜಿಸ್ ತಿರುಗಿದಾಗ ಮುಖ ಸುಣ್ಣವಾಗಿತ್ತು, ಅಮ್ಮನ ಕಾಲಕ್ಕೆ ಅವನು ತೀರಾ ಚಿಕ್ಕವನು, ನೆನಪಿಲ್ಲ ಅಂತ ಅವಳು ಅಂದುಕೊಂಡಿದ್ದಳು, ನೆನಪಿದೆ, ಎಲ್ಲ ನೆನಪಿದೆ, ಯಾವಾಗಿಂದ, ಅಂದ, ಅಷ್ಟೇ. ಹಾಗಾದ್ರೆ ಆ ಗೆರೆ ಅಳಿಸು ಕ್ಲೆಮಾಂಸ್, ಅಂದಳು ಸೊಲಾಂಜ್, ಸೀದಿರೋದು ನಿನ್ನ ವೈನಲ್ಲ, ಅದಕ್ಕೆ ಅದರದೇ ಹೆಸರು ಹಾಕು, ಇನ್ಮೇಲೆ ಇವರು ಯಾರಾದ್ರೂ ಮುಖ ನೋಡೋದಿದ್ರೆ ನಿನ್ನ ಮುಖ ನೋಡ್ಲಿ. ಕ್ಲೆಮಾಂಸ್ ಅಂಗಿಯ ತೋಳಿನಿಂದ ಗೆರೆ ಉಜ್ಜಿದಳು, ಉಜ್ಜುತ್ತಲೇ ಇದ್ದಳು, ಸುಣ್ಣ ಹೋದ ಮೇಲೂ ಉಜ್ಜುತ್ತಿದ್ದಳು.

ಈಗ ಕಾರು ದಿಜೋನಿನ ಆಸ್ಪತ್ರೆಯ ರಸ್ತೆಯಲ್ಲಿದೆ, ರೆಜಿಸ್ ನಡೆಸುತ್ತಿದ್ದಾನೆ, ಒಂದು ಕೈಯಲ್ಲಿ, ಇನ್ನೊಂದು ಕೈ ಅವಳ ಮಂಡಿಯ ಹತ್ತಿರ, ಇಡಲೋ ಬೇಡವೋ ಅನ್ನುವ ಹಾಗೆ, ಏನೂ ಇರಲ್ಲ ನೋಡು, ಸೈನಸ್ ಇರುತ್ತೆ, ಬೆಲ್ಯಾರ್ ಹೆಂಡತಿಗೂ ಹೀಗೇ ಆಗಿತ್ತಂತೆ, ಊಟದ ಹೊತ್ತಿಗೆ ವಾಪಸ್ ಬಂದಿರ್ತೀವಿ, ಹೂಂ, ಅಂದಳು, ಬೆಲ್ಯಾರರ ಹೆಂಡತಿಗೆ ಏನಾಗಿತ್ತೋ ದೇವರಿಗೇ ಗೊತ್ತು, ಕಿಟಕಿಯಾಚೆ ಇಳಿಜಾರು, ಬರಿಯ ಕಪ್ಪು ಬಳ್ಳಿಗಳು, ಅವುಗಳ ನಡುವೆ ತಳ್ಳುಗಾಡಿಗಳಿಂದ ನೀಲಿ ಹೊಗೆ ನೆಟ್ಟಗೆ ಏಳುತ್ತಿದೆ, ಗಾಳಿಯಿಲ್ಲ, ಕಿಟಕಿ ಇಳಿಸಿದಳು, ಚಳಿ ಮುಖಕ್ಕೆ ಬಡಿಯಿತು, ಅಲ್ಲಿ ಸುಡುತ್ತಿರುವುದು ನಿಜ, ಕಣ್ಣಿಗೇ ಕಾಣುತ್ತಿದೆ, ಆದರೆ ಮೂಗಿನಲ್ಲಿ ಇರುವುದು ಆ ಹೊಗೆಯೋ ಈ ಹೊಗೆಯೋ, ಸಿಹಿಯನ್ನು ಹುಡುಕಿದಳು, ಬಳ್ಳಿಯ ಹೊಗೆಯ ಆ ಒಂದು ಎಳೆ ಸಿಹಿ, ಸಿಗಲಿಲ್ಲ, ನಿಂಗೆ ಬರ್ತಿದೆಯಾ ಅಂತ ರೆಜಿಸ್‌ನನ್ನು ಕೇಳಬೇಕೆನಿಸಿತು, ಕೇಳಲಿಲ್ಲ, ಕೇಳಿದರೆ ಅವನು ಮತ್ತೆ ಹಾಗೆ ಮಾಡುತ್ತಾನೆ, ತಲೆ ಹಿಂದಕ್ಕೆ ಬಾಗಿಸಿ, ಕಣ್ಣು ಮುಚ್ಚಿ, ಬೇಡ, ಕಾರು ನಡೆಸುವಾಗ ಬೇಡ, ಚಮಚ, ಫೋರ್ಕು, ಬಟ್ಟಲು, ಕಲ್ಲುಗುಪ್ಪೆಯ ಬಿಳಿಯಲ್ಲಿ ಮೊದಲು ಬಂದದ್ದು ಏನು, ನಿಂಬೆ, ನಿಂಬೆ ಸಿಪ್ಪೆ, ಆಮೇಲೆ ಒದ್ದೆ ಕಲ್ಲು, ಆಮೇಲೆ, ಆಮೇಲೆ ಒಂದಿತ್ತು, ಬೆನ್ನಿಗೇ ಬಂದದ್ದು, ಹಸಿಯಾಗಿ, ಬೆಳ್ಳಗೆ, ಕಾಯಿ, ಒಡೆದರೆ ಒಳಗೆ ಇರುತ್ತದಲ್ಲ, ಅದರ ಹೆಸರು, ನಾಲಿಗೆಯ ತುದಿಯಲ್ಲೇ ಇದೆ, ಅದರ ಹೆಸರು — ಬರುವುದಿಲ್ಲ, ಅದರ ಬದಲು ಬರುವುದು ಅದೇ, ಬಲ್ಬಿನ ಬೆಳಕು, ಬೆಳಕಿನೊಳಗೆ ಎದ್ದ ಮೂರು ಮೂಗುಗಳು, ಅಗಲವಾದ ಹೊಳ್ಳೆಗಳು, ಮುಚ್ಚಿದ ಕಣ್ಣುಗಳು, ಮತ್ತೆ ಹೆಸರನ್ನು ಹುಡುಕುತ್ತಾಳೆ, ಮತ್ತೆ ಮೂರು ಮೂಗುಗಳು, ಹುಡುಕುತ್ತಿವೆ, ಅವಳಿಗಾಗಿ ಹುಡುಕುತ್ತಿವೆ, ಮೇಲೆತ್ತಿದ್ದು ಮೇಲೆಯೇ ಇದೆ, ಯಾರೂ ಇನ್ನೂ ಇಳಿಸಿಲ್ಲ.